ತಾಲೀಮಿನ ಮನೆ: ಮಕ್ಕಳ ರಂಗಶಿಕ್ಷಣದಲ್ಲಿ ಧೈರ್ಯ ಮತ್ತು ಶಿಸ್ತು

ನಾಟಕದ ಅಭ್ಯಾಸದಿಂದ ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಯುತ್ತದೆ, ಶಿಸ್ತು ಮೂಡುತ್ತದೆ ಎಂಬ ಮಾತನ್ನು ಶಾಲೆಗಳ ವಾರ್ಷಿಕ ವರದಿಗಳಿಂದ ಹಿಡಿದು ಬೇಸಿಗೆ ಶಿಬಿರಗಳ ಕರಪತ್ರಗಳವರೆಗೆ ಎಲ್ಲೆಡೆ ಓದುತ್ತೇವೆ. ಮಾತು ಸುಳ್ಳಲ್ಲ, ಆದರೆ ಬಹಳ ಕೈ ಬದಲಾಯಿಸಿದ ನಾಣ್ಯದಂತೆ ಅದರ ಮೇಲಿನ ಅಚ್ಚು ಸವೆದಿದೆ. ನಾಟಕದೊಳಗಿನ ಯಾವ ಕ್ರಿಯೆಯಿಂದ ಮಗುವಿಗೆ ಧೈರ್ಯ ಬರುತ್ತದೆ, ಯಾವ ಕ್ರಿಯೆಯಿಂದ ಶಿಸ್ತು ಬರುತ್ತದೆ ಎಂದು ಕೇಳಿದರೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಸಾಮಾನ್ಯವಾಗಿ ಇವೆರಡನ್ನೂ ಎರಡು ಬೇರೆ ಬೇರೆ ಲಾಭಗಳೆಂದು ಎಣಿಸುತ್ತೇವೆ: ಜನರೆದುರು ನಿಂತು ಮಾತಾಡಿದ್ದರಿಂದ ಧೈರ್ಯ, ಗುರುಗಳ ಮಾತು ಕೇಳಿದ್ದರಿಂದ ಶಿಸ್ತು. ಈ ವಿಂಗಡಣೆಯೇ ಸರಿಯಲ್ಲವೆಂದು ನನ್ನ ಭಾವನೆ. ರಂಗಶಿಕ್ಷಣದಲ್ಲಿ ಧೈರ್ಯವೂ ಶಿಸ್ತೂ ಒಂದೇ ಕ್ರಿಯೆಯ ಎರಡು ಹೆಸರುಗಳು. ಆ ಕ್ರಿಯೆ ನಡೆಯುವುದು ಪ್ರದರ್ಶನದ ದಿನ ದೀಪಗಳ ಬೆಳಕಿನಲ್ಲಲ್ಲ, ಅದಕ್ಕಿಂತ ಮುಂಚಿನ ವಾರಗಳ ತಾಲೀಮಿನಲ್ಲಿ. ಹೊರನಾಡಿನ ಕನ್ನಡ ಮಕ್ಕಳ ಮಟ್ಟಿಗೆ ಇದರೊಡನೆ ಮೂರನೆಯದೊಂದು ಸಂಗತಿಯೂ ಸೇರಿಕೊಂಡಿದೆ, ಅದು ಭಾಷೆ. ಈ ಲೇಖನದ ಪ್ರೇರಣೆಯೂ ಅದೇ ಆಗಿದೆ.

ಮೊದಲು ಪದಗಳನ್ನು ಸ್ವಲ್ಪ ನೋಡೋಣ. 'ಆತ್ಮವಿಶ್ವಾಸ' ಈಚಿನ ಗ್ರಾಂಥಿಕ ಪದ. ಆಡುಮಾತಿನಲ್ಲಿ ನಮಗಿದ್ದದ್ದು 'ಎದೆಗಾರಿಕೆ'. ಅದರ ವಿರುದ್ಧಕ್ಕೆ 'ಅಳುಕು', 'ಸಭಾಕಂಪ'. ಎದೆಗಾರಿಕೆ ಎಂಬಲ್ಲಿ ಉಸಿರು ತುಂಬಿಕೊಳ್ಳುವ ಜಾಗದ ಹೆಸರಿದೆ, ಸಭಾಕಂಪದಲ್ಲಿ ನಡುಗುವ ದೇಹವಿದೆ. ಧೈರ್ಯವನ್ನು ನಮ್ಮ ಹಿರಿಯರು ಮನಸ್ಸಿನ ಗುಣವೆಂದಷ್ಟೇ ಅಲ್ಲದೆ ಮೈಯ ಗುಣವೆಂದೂ ಬಗೆದಿದ್ದರು. 'ಶಿಸ್ತು' ಎಂಬ ಪದದ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಕೆಳದಿಯ ಶಿವಪ್ಪನಾಯಕನ ಹೆಸರಿನೊಂದಿಗೆ ಬರುವ ಶಿಸ್ತು ಭೂಕಂದಾಯದ ನಿಗದಿ. ಯಾವ ಹೊಲ ಎಷ್ಟು ಕೊಡಬೇಕೆಂದು ಗೊತ್ತುಮಾಡಿದ ಏರ್ಪಾಟು. ಮರಾಠಿಯಲ್ಲಿ ಇದೇ ಪದಕ್ಕೆ ಗುರಿ ಹಿಡಿಯುವುದೆಂಬ ಅರ್ಥವೂ ಉಂಟು. ಎರಡೂ ಅರ್ಥಗಳಲ್ಲಿ ಬೆತ್ತ ಕಾಣುವುದಿಲ್ಲ. ತನ್ನ ಪಾಲು ಎಷ್ಟೆಂಬುದು, ತನ್ನ ಗುರಿ ಯಾವುದೆಂಬುದು ಗೊತ್ತಿರುವುದೇ ಶಿಸ್ತು. 'ತಾಲೀಮು' ಎಂಬುದಂತೂ ಅರಬ್ಬಿಯಿಂದ ಬಂದು ಕಲಿಕೆ ಎಂಬ ಅರ್ಥದಿಂದ ಹೊರಟು ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಕುಸ್ತಿಯ ಗರಡಿಗೂ ನಾಟಕದ ಅಭ್ಯಾಸಕ್ಕೂ ಸಮಾನವಾಗಿ ಸಲ್ಲುತ್ತದೆ. ಪೈಲವಾನನಿಗೂ ನಟನಿಗೂ ಒಂದೇ ಮಾತು ಸಾಕೆಂದು ಜನ ನಿರ್ಧರಿಸಿದ್ದು ಆಕಸ್ಮಿಕವಾಗಿರಲಾರದು.

ಮಕ್ಕಳ ರಂಗಶಿಕ್ಷಣ ಎಂದಕೂಡಲೇ ನಾವು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಶಿಕ್ಷಣತಜ್ಞರನ್ನು ನೆನೆಯುವುದು ರೂಢಿಯಾಗಿದೆ. ನಮ್ಮಲ್ಲಿಯೇ ಅದಕ್ಕಿಂತ ಬಹು ಹಿಂದಿನ, ಕ್ರಮಬದ್ಧವಾದ ಒಂದು ಪಠ್ಯಕ್ರಮವಿದೆ. ಯಕ್ಷಗಾನದ ಪೂರ್ವರಂಗವೇ ಅದು. ಪ್ರಸಂಗ ಆರಂಭವಾಗುವ ಮೊದಲು ರಂಗಕ್ಕೆ ಬರುವ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳನ್ನು ಪ್ರೇಕ್ಷಕರು ಕಾಲ ಕಳೆಯುವ ಸಾಮಗ್ರಿ ಎಂದು ಕಂಡರೂ ಮೇಳದ ಒಳಗಿನವರಿಗೆ ಅದು ಹೊಸಬರ ಶಾಲೆ. ಮೇಳ ಸೇರಿದ ಹುಡುಗ ಮೊದಲು ಕೋಡಂಗಿಯಾಗುತ್ತಾನೆ. ಅಲ್ಲಿ ಅವನಿಗೆ ಹೇಳಿಕೊಳ್ಳುವಂಥ ಮಾತಿಲ್ಲ, ಹೇಳಿಕೊಳ್ಳುವಂಥ ವೇಷವೂ ಇಲ್ಲ. ತಪ್ಪಿದರೆ ಪ್ರಸಂಗ ಕೆಡುವುದಿಲ್ಲ. ನೋಡುವವರೂ ಇನ್ನೂ ಕಡಿಮೆ. ದೊಡ್ಡ ರಂಗಸ್ಥಳದ ಅಳತೆ ಕಾಲಿಗೆ ಸಿಗಬೇಕು, ಚಂಡೆ ಮದ್ದಳೆಗಳ ಏಟಿಗೆ ಹೆಜ್ಜೆ ಕೂಡಬೇಕು, ಅಷ್ಟೆ. ಅಲ್ಲಿಂದ ಬಾಲಗೋಪಾಲ. ಬಲರಾಮ ಮತ್ತು ಕೃಷ್ಣರಾಗಿ ಇಬ್ಬರು ಜೊತೆಯಾಗಿ ಕುಣಿಯಬೇಕು. ಈಗ ತಾಳದ ಜೊತೆಗೆ ಇನ್ನೊಬ್ಬನ ಮೈಯನ್ನೂ ಗಮನಿಸುವುದು ಕಡ್ಡಾಯವಾಯಿತು. ಆಮೇಲೆ ಸ್ತ್ರೀವೇಷದ ಬಳುಕು, ಪ್ರಸಂಗದೊಳಗಿನ ಚಿಕ್ಕಪುಟ್ಟ ವೇಷಗಳು, ಎರಡು ಮೂರು ಮಾತುಗಳ ಅರ್ಥಗಾರಿಕೆ. ಹೀಗೆ ಮಾತು ಕೊನೆಗೆ ಬರುತ್ತದೆ. ಮಗುವಿನ ಮೈಯೊಳಗೆ ಲಯ ನೆಲೆಗೊಳ್ಳುವ ತನಕ ಅವನ ಬಾಯಿಗೆ ಮಾತಿನ ಹೊಣೆ ಹೊರಿಸದ ಈ ಜಾಣತನ ಎಷ್ಟೋ ಆಧುನಿಕ ಶಿಬಿರಗಳಲ್ಲಿ ಕಾಣುವುದಿಲ್ಲ. ಅಲ್ಲಿ ಮೊದಲ ದಿನವೇ ಮಗುವನ್ನು ಎದ್ದು ನಿಲ್ಲಿಸಿ 'ನಿನ್ನ ಬಗ್ಗೆ ನಾಲ್ಕು ಮಾತು ಹೇಳು' ಎನ್ನುತ್ತಾರೆ. ಅಳುಕುವ ಮಗು ಅಂದಿನಿಂದಲೇ ಇನ್ನಷ್ಟು ಅಳುಕುತ್ತದೆ.

ಎಪ್ಪತ್ತರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವು ಈ ಪೂರ್ವರಂಗದ ಶಾಲೆಯನ್ನು ಮೇಳದ ಹುಡುಗರಿಂದ ಊರಿನ ವಿದ್ಯಾರ್ಥಿಗಳೆಡೆಗೆ ತಂದಿತು. ಮಕ್ಕಳೇ ಪೂರ್ಣ ಪ್ರಸಂಗವನ್ನು ನಿರ್ವಹಿಸಬಲ್ಲರೆಂಬುದನ್ನು ಅದು ನಾಡಿಗೆ ತೋರಿಸಿಕೊಟ್ಟಿತು. ಉಡುಪಿಯ ಯಕ್ಷಗಾನ ಕಲಾರಂಗದ ಆಶ್ರಯದಲ್ಲಿ ಜಿಲ್ಲೆಯ ಪ್ರೌಢಶಾಲೆಗಳಿಗೆ ವಿಸ್ತರಿಸಿದ ಯಕ್ಷಶಿಕ್ಷಣವನ್ನೂ ಇದೇ ದಾರಿಯ ಮುಂದುವರಿಕೆ ಎನ್ನಬಹುದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ತಾಳವು ಬೈಯುವುದಿಲ್ಲ. ಹೆಜ್ಜೆ ತಪ್ಪಿದರೆ ತಪ್ಪಿತೆಂದು ಕುಣಿಯುವವನಿಗೇ ಗೊತ್ತಾಗುತ್ತದೆ. ಗುರು ಬಾಯಿ ತೆರೆಯಬೇಕಾಗಿಲ್ಲ. ಹೀಗೆ ಶಿಸ್ತಿನ ಅಧಿಕಾರ ವ್ಯಕ್ತಿಯಿಂದ ಕಲೆಗೆ ವರ್ಗವಾಗುತ್ತದೆ.

ವೃತ್ತಿ ಕಂಪನಿಗಳ ಕಾಲದ ಚಿತ್ರ ಬೇರೆ. ಪುಣೆಯಲ್ಲಿ ಕುಳಿತು ಈ ವಿಷಯವನ್ನು ಬರೆಯುವಾಗ ಎರಡು ಭಾಷೆಗಳ ರಂಗಭೂಮಿಗಳು ಎಷ್ಟು ಹತ್ತಿರದವೆಂಬುದು ನೆನಪಾಗದೆ ಇರದು. ಕರ್ಕಿಯ ಯಕ್ಷಗಾನ ತಂಡದ ಆಟದಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗಲಿಯಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಶಾಕುಂತಲ'ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ನೆಲೆ ಒದಗಿಸಿದರು. ಆ ಸಂಗೀತ ನಾಟಕದ ಪ್ರಭಾವ ಮರಳಿ ನಮ್ಮ ಕಂಪನಿಗಳ ಮೇಲೆ ಆಯಿತು. ಎರಡೂ ಕಡೆ ಬಾಲನಟರು ಕಂಪನಿಯ ಆಸ್ತಿಯಾಗಿದ್ದರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ತಂದೆಯ ಜೊತೆಗೆ ಬಾಲಕ ಮುತ್ತುರಾಜ ಬೆಳೆದ, ಮುಂದೆ ರಾಜಕುಮಾರ್ ಆದ. ಏಣಗಿ ಬಾಳಪ್ಪನವರು ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿ ನೂರು ವರ್ಷ ದಾಟಿ ಬಾಳಿದರು. ಈ ಮಹನೀಯರ ಉಚ್ಚಾರದ ಶುದ್ಧಿ, ದೂರದ ಕಟ್ಟಕಡೆಯ ಪ್ರೇಕ್ಷಕನಿಗೂ ಮುಟ್ಟುವ ಕಂಠ, ಸಮಯಪಾಲನೆ, ಊಟ ನಿದ್ರೆಗಳಲ್ಲಿ ಮಿತಿ ಇವೆಲ್ಲ ಆ ಗರಡಿಯ ಫಲಗಳೇ. ಆದರೆ ಬೆಳಗಿನ ಜಾವದ ತಾಲೀಮು, ರಾತ್ರಿಯಿಡೀ ನಾಟಕ, ಶಾಲೆಯಿಲ್ಲದ ಬಾಲ್ಯ, ತಪ್ಪಿದರೆ ಪೆಟ್ಟು, ಇದೂ ಆ ಗರಡಿಯದೇ. ಉಳಿದು ಬೆಳಗಿದವರ ಆತ್ಮಕಥೆಗಳು ನಮ್ಮ ಕೈಯಲ್ಲಿವೆ. ಕಂಠ ಒಡೆದ ಮೇಲೆ ಬಾಲಪಾತ್ರಕ್ಕೂ ಸಲ್ಲದೆ ನಾಯಕಪಾತ್ರಕ್ಕೂ ಸಲ್ಲದೆ ಹೊರಬಿದ್ದ ಹುಡುಗರು ಆತ್ಮಕಥೆ ಬರೆಯಲಿಲ್ಲ. ಆದ್ದರಿಂದ ಕಂಪನಿಯ ಶಿಸ್ತನ್ನು ಹೊಗಳುವಾಗ ಸ್ವಲ್ಪ ಕೈ ಬಿಗಿ ಹಿಡಿಯುವುದು ಒಳ್ಳೆಯದು.

ಶಾಲೆಯೊಳಗಿನ ನಾಟಕ ಬೇರೊಂದು ಬೇರಿನಿಂದ ಬೆಳೆಯಿತು. ಇಪ್ಪತ್ತು ಮೂವತ್ತರ ದಶಕಗಳಲ್ಲಿ ನವೋದಯದ ಲೇಖಕರು ಮಕ್ಕಳಿಗೆಂದೇ ಬರೆಯತೊಡಗಿದರು. ಕುವೆಂಪು ಅವರ 'ಮೋಡಣ್ಣನ ತಮ್ಮ', 'ನನ್ನ ಗೋಪಾಲ' ಆ ಕಾಲದವು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ನಾಟಕಗಳ ಮೂಲಕ ಕಲಿಸುವ ಪ್ರಯೋಗ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಇವುಗಳ ಪೈಕಿ 'ನನ್ನ ಗೋಪಾಲ'ದ ಬಗ್ಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದ ದೃಷ್ಟಾಂತಕಥೆಯೊಂದು ಅದರ ಮೂಲ. ಬಡ ತಾಯಿಯ ಮಗ ಶಾಲೆಗೆ ಕಾಡುದಾರಿಯಲ್ಲಿ ಒಬ್ಬನೇ ಹೋಗಬೇಕು, ಅಂಜಿಕೆ. ಕಾಡಿನಲ್ಲಿ ನಿನ್ನ ಅಣ್ಣ ಗೋಪಾಲನಿದ್ದಾನೆ, ಕರೆ, ಬರುತ್ತಾನೆ ಎಂದು ತಾಯಿ ಹೇಳುತ್ತಾಳೆ. ಹುಡುಗ ಕರೆಯುತ್ತಾನೆ, ಗೋಪಾಲ ಬರುತ್ತಾನೆ. ಭಕ್ತಿಯ ಕಥೆಯಾಗಿ ಇದನ್ನು ಓದುವುದು ಸರಿಯೇ. ರಂಗದ ದೃಷ್ಟಿಯಿಂದ ನೋಡಿದರೆ ಇದು ಬಾಲನಟನ ಸ್ಥಿತಿಯ ಕಥೆಯೂ ಹೌದು. ಆ ಪಾತ್ರ ಮಾಡುವ ಮಗು ನಿಜವಾಗಿಯೂ ಅಂಜುತ್ತ ರಂಗದ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಎತ್ತರದ ದನಿಯಲ್ಲಿ ಕರೆದರೆ ಪರದೆಯ ಮರೆಯಿಂದ ಇನ್ನೊಂದು ಮಗು ಬಂದೇ ಬರುತ್ತದೆ. ಕರೆದರೆ ಬರುವವನೊಬ್ಬನಿದ್ದಾನೆ ಎಂಬ ಭರವಸೆ ಆ ಮಗುವಿಗೆ ತಾಲೀಮಿನಿಂದ ದೊರೆತದ್ದು.

ಬಂಟ್ವಾಳದ ಹತ್ತಿರದ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಮೂರನೆಯ ತರಗತಿಯಲ್ಲಿದ್ದಾಗ ಮೊದಲು ಅಭಿನಯಿಸಿದ ನಾಟಕ ಇದೇ 'ನನ್ನ ಗೋಪಾಲ', ನಿರ್ದೇಶಿಸಿದವರು ಪಿ.ಕೆ. ನಾರಾಯಣ. ಆಮೇಲೆ ಆ ಹುಡುಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ. ಹೀಗೆ ಶಾಲೆಯ ನಾಟಕ ಮತ್ತು ಕಂಪನಿಯ ನಾಟಕ ಎರಡನ್ನೂ ಮಗುವಾಗಿ ಅನುಭವಿಸಿದ ಕಾರಂತರು 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಠಾಕೂರರ ಗಿಳಿಯ ಕಥೆಯನ್ನು ಆಧರಿಸಿದ ಅವರ 'ಪಂಜರಶಾಲೆ' ಕಲಿಸುವ ಭರದಲ್ಲಿ ಕಲಿಯುವ ಜೀವವನ್ನೇ ಕೊಲ್ಲುವ ಶಿಕ್ಷಣದ ವಿಡಂಬನೆ. ಇದನ್ನು ಶಾಲೆಯ ಮಕ್ಕಳೇ ಶಾಲೆಯ ಅಂಗಳದಲ್ಲಿ, ಮುಖ್ಯೋಪಾಧ್ಯಾಯರ ಎದುರಿನಲ್ಲಿ ಆಡುತ್ತಾರೆ ಎಂಬುದೇ ಒಂದು ಸೊಗಸು. ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿದರು, 'ಹೆಡ್ಡಾಯಣ'ದಂಥ ನಾಟಕಗಳನ್ನು ನಿರ್ದೇಶಿಸಿದರು. 'ಅಳಿಲು ರಾಮಾಯಣ'ದಲ್ಲಿ ಅಭಿನಯಿಸಿದ 120 ಮಕ್ಕಳಿಗೆ ಉಡುಪು ಸಿದ್ಧಪಡಿಸಿದವರೂ ಅವರೇ. ನೂರಿಪ್ಪತ್ತು ಮಕ್ಕಳು ರಂಗದ ಹಿಂದೆ ಸದ್ದಿಲ್ಲದೆ ಕಾಯುವುದನ್ನು ಬೆತ್ತದಿಂದ ಸಾಧಿಸಲಾಗದು. ತಾವು ಸೇತುವೆ ಕಟ್ಟುವ ಸೈನ್ಯವೆಂದು ಆ ಮಕ್ಕಳು ನಂಬಿದ್ದರೆ ಮಾತ್ರ ಅದು ಸಾಧ್ಯ.

ಈ ನಂಬಿಕೆಯ ಬಲವನ್ನು ಮನಶ್ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ರಷ್ಯದ ವೈಗೋಟ್‌ಸ್ಕಿ 1933ರ ತನ್ನ ಉಪನ್ಯಾಸವೊಂದರಲ್ಲಿ ಮಗುವಿನ ಆಟವನ್ನು ವಿಶ್ಲೇಷಿಸುತ್ತ, ಮಗು ಅತಿ ಹೆಚ್ಚಿನ ಆತ್ಮನಿಯಂತ್ರಣವನ್ನು ತೋರುವುದು ಆಟದಲ್ಲೇ ಎಂದು ಪ್ರತಿಪಾದಿಸಿದ. ಆಟವೆಂದರೆ ಸ್ವಚ್ಛಂದವೆಂದು ನಾವು ತಿಳಿಯುತ್ತೇವೆ. ಆದರೆ ಅಮ್ಮನಾಟ ಆಡುವ ಹುಡುಗಿ ಅಮ್ಮ ಹೇಗಿರಬೇಕೆಂಬ ನಿಯಮಕ್ಕೆ ತಾನಾಗಿ ಒಳಪಟ್ಟಿರುತ್ತಾಳೆ. ಅವನ ಪರಂಪರೆಯ ಸಂಶೋಧಕಿ ಮನುಯಿಲೆಂಕೊ 1948ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಮೂರರಿಂದ ಏಳು ವರ್ಷದ ಮಕ್ಕಳಿಗೆ ಅಲುಗಾಡದೆ ನಿಲ್ಲಲು ಹೇಳಿದಾಗ ಅವರು ಬಹು ಬೇಗ ಚಡಪಡಿಸಿದರು. ಅದೇ ಮಕ್ಕಳಿಗೆ 'ನೀನು ಕಾವಲುಗಾರ' ಎಂದು ಪಾತ್ರ ಕೊಟ್ಟಾಗ ಬಹಳ ಹೆಚ್ಚು ಹೊತ್ತು ನಿಂತರು. 'ಅಲುಗಬೇಡ' ಎಂಬ ಆಜ್ಞೆ ಮಗುವಿಗೆ ಹೊರಗಿನದು. 'ಕಾವಲುಗಾರ ಅಲುಗುವುದಿಲ್ಲ' ಎಂಬುದು ಒಳಗಿನದು. ನಾಟಕದ ಶಿಸ್ತಿನ ರಹಸ್ಯವೆಲ್ಲ ಈ ಎರಡು ವಾಕ್ಯಗಳ ನಡುವೆ ಇದೆ.

ಈಚಿನ ಅಧ್ಯಯನಗಳ ಪೈಕಿ ಕೆನಡಾದ ಶೆಲನ್‌ಬರ್ಗ್ 2004ರಲ್ಲಿ ಪ್ರಕಟಿಸಿದ್ದು ಉಲ್ಲೇಖಾರ್ಹ. ಆರು ವರ್ಷದ 144 ಮಕ್ಕಳನ್ನು ವಾದ್ಯ, ಗಾಯನ, ನಾಟಕ ಮತ್ತು ಯಾವ ಪಾಠವೂ ಇಲ್ಲದ ಗುಂಪುಗಳಾಗಿ ಹಂಚಿ ಒಂದು ವರ್ಷ ಕಲಿಸಿ ಪರೀಕ್ಷಿಸಲಾಯಿತು. ಅವನು ಹುಡುಕುತ್ತಿದ್ದದ್ದು ಸಂಗೀತದಿಂದ ಬುದ್ಧಿಮತ್ತೆ ಹೆಚ್ಚುವುದೇ ಎಂಬುದನ್ನು; ಅದು ಸ್ವಲ್ಪ ಹೆಚ್ಚಿತೆಂದೇ ತೋರಿತು. ಹೋಲಿಕೆಗಾಗಿ ಇಟ್ಟುಕೊಂಡ ನಾಟಕದ ಗುಂಪಿನಲ್ಲಿ ಮಾತ್ರ ನಿರೀಕ್ಷಿಸದ ಇನ್ನೊಂದು ಬದಲಾವಣೆ ಕಂಡಿತು: ಇತರರೊಡನೆ ಹೊಂದಿ ನಡೆಯುವ ನಡವಳಿಕೆ ಆ ಮಕ್ಕಳಲ್ಲಿ ಗಣನೀಯವಾಗಿ ಉತ್ತಮಗೊಂಡಿತ್ತು, ಸಂಗೀತ ಕಲಿತ ಮಕ್ಕಳಲ್ಲಿ ಹಾಗೆ ಆಗಿರಲಿಲ್ಲ. ಪೊಡ್ಲೊಜ್ನಿ 2000ದಲ್ಲಿ 80 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ, ತರಗತಿಯಲ್ಲಿ ಕಥೆಯನ್ನು ಅಭಿನಯಿಸಿ ಕಲಿತ ಮಕ್ಕಳಿಗೆ ಆ ಕಥೆಯಷ್ಟೇ ಅಲ್ಲದೆ ಅಭಿನಯಿಸದ ಹೊಸ ಪಠ್ಯವನ್ನು ಗ್ರಹಿಸುವುದಕ್ಕೂ ಸಹಾಯವಾಗುತ್ತದೆ ಎಂಬ ನಿರ್ಣಯಕ್ಕೆ ಬಂದಳು. ನಾಟಕದಿಂದ ಗಣಿತದ ಅಂಕಗಳು ಏರುತ್ತವೆ ಎಂಬಂಥ ದೊಡ್ಡ ಮಾತುಗಳಿಗೆ ಇಂಥ ಆಧಾರವಿಲ್ಲ. ಆಡುವ ಅಗತ್ಯವೂ ಇಲ್ಲ.

ಇನ್ನು ಕಾತ್ರಜದ ವಿಚಾರ. ಪುಣೆಯ ದಕ್ಷಿಣದ ಅಂಚಿನ ಈ ಬಡಾವಣೆಯನ್ನು ದಾಟಿದರೆ ಘಟ್ಟ, ಘಟ್ಟ ದಾಟಿದರೆ ಸಾತಾರಾ, ಕೊಲ್ಲಾಪುರ, ಬೆಳಗಾವಿ. ಊರಿನ ದಾರಿ ಮನೆಯ ಬಾಗಿಲಿನಿಂದಲೇ ಶುರುವಾಗುವ ಜಾಗ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ದುಡಿಯಲು ಬಂದವರು, ಕರಾವಳಿಯಿಂದ ವ್ಯಾಪಾರಕ್ಕೆ ಬಂದವರು, ಕಾರಖಾನೆ ಮತ್ತು ಕಂಪ್ಯೂಟರ್ ಕಚೇರಿಗಳ ನೌಕರರು ಇಲ್ಲಿ ನೆಲೆಸಿದ್ದಾರೆ. ಅವರ ಮಕ್ಕಳು ಬಹುಪಾಲು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಅದು ನ್ಯಾಯವೂ ಹೌದು. ಕನ್ನಡ ಉಳಿದಿರುವುದು ಮನೆಯಲ್ಲಿ. ಆ ಕನ್ನಡದ ಸ್ವರೂಪವನ್ನು ಕೇಳಿಸಿಕೊಂಡರೆ ಅದು ಬಹುತೇಕ ಉತ್ತರರೂಪದ್ದೆಂದು ತಿಳಿಯುತ್ತದೆ. 'ಉಂಡ್ಯಾ?' ಎಂದರೆ 'ಹೂಂ', 'ಬರ್ತೀಯಾ?' ಎಂದರೆ 'ಒಲ್ಲೆ'. ಕನ್ನಡದಲ್ಲಿ ಕೇಳಿಸಿಕೊಳ್ಳುವ ಮಗು, ಕನ್ನಡದಲ್ಲಿ ತಾನಾಗಿ ಒಂದು ಪೂರ್ಣ ವಾಕ್ಯವನ್ನು ಆರಂಭಿಸಿ ಮುಗಿಸುವ ಸಂದರ್ಭ ದಿನವಿಡೀ ಬಾರದೆ ಹೋಗಬಹುದು.

ಇಂಥ ಕೆಲವು ಕುಟುಂಬಗಳ ಮಕ್ಕಳು ರಾಜ್ಯೋತ್ಸವಕ್ಕೆಂದು ಗೋವಿನ ಹಾಡಿನ ಕಥೆಯನ್ನು ನಾಟಕವಾಗಿ ಅಭ್ಯಾಸ ಮಾಡುತ್ತಿದ್ದುದನ್ನು ಈ ಲೇಖಕ ಕೆಲವು ರವಿವಾರ ಕುಳಿತು ನೋಡಿದ್ದುಂಟು. ಪುಣ್ಯಕೋಟಿಯ ಪಾತ್ರದ ಹುಡುಗಿಗೆ ಮಾತು ಬಾಯಿಪಾಠವಾಗಿತ್ತು. ಆದರೂ ಪ್ರತಿ ವಾಕ್ಯದ ಕೊನೆಯಲ್ಲಿ ಅವಳ ದನಿ ಕುಸಿದು ಕೊನೆಯ ಪದ ಗಂಟಲಲ್ಲೇ ಉಳಿಯುತ್ತಿತ್ತು. ಇದನ್ನು ಕೇವಲ ಅಳುಕು ಎಂದು ತಳ್ಳಿಹಾಕುವಂತಿಲ್ಲ. ಕನ್ನಡ ವಾಕ್ಯದ ಪ್ರಾಣ ಅದರ ಕೊನೆಯಲ್ಲಿದೆ. ಕ್ರಿಯಾಪದ ಅಲ್ಲಿ ಬರುತ್ತದೆ, ಹೌದು ಅಲ್ಲಗಳೂ ಅಲ್ಲೇ ತೀರ್ಮಾನವಾಗುತ್ತವೆ. ಕರುವಿಗೆ ಮೊಲೆಯುಣಿಸಿದ ಮೇಲೆ ಹಸು ಹಿಂದಿರುಗುವುದೋ ಹಿಂದಿರುಗದೋ ಎಂಬುದು ಆ ಕಟ್ಟಕಡೆಯ ಅಕ್ಷರಗಳ ಮೇಲೆ ನಿಂತಿದೆ. ಅದನ್ನು ನುಂಗಿದರೆ ಪ್ರೇಕ್ಷಕನಿಗೆ ಪುಣ್ಯಕೋಟಿಯ ಸತ್ಯವೇ ತಲುಪಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಂಗದವರು 'ಕ್ಯೂ' ಎನ್ನುವ, ಮುಂದಿನ ನಟ ಹಿಡಿದುಕೊಳ್ಳಬೇಕಾದ ಎಳೆಯೂ ಅದೇ ಪದ. ಹುಡುಗಿಯ ದನಿ ಕುಸಿದಾಗಲೆಲ್ಲ ಹುಲಿ ಸುಮ್ಮನೆ ನಿಲ್ಲುತ್ತಿತ್ತು. ಅಭ್ಯಾಸ ಮಾಡಿಸುತ್ತಿದ್ದ ಗೃಹಿಣಿ 'ಜೋರಾಗಿ ಹೇಳವ್ವ' ಎಂದು ಒಮ್ಮೆಯೂ ಗದರಿಸಲಿಲ್ಲ. 'ಹುಲಿಯಪ್ಪಗ ಕೇಳಸಲಿಲ್ಲ ನೋಡು, ಪಾಪ' ಎಂದಷ್ಟೇ ಹೇಳುತ್ತಿದ್ದರು. ಮೂರನೆಯ ವಾರಕ್ಕೆ ಹುಡುಗಿ ವಾಕ್ಯದ ಮೊದಲು ಉಸಿರು ತುಂಬಿಕೊಂಡು ಕೊನೆಯ ಪದವನ್ನು ಹುಲಿಯ ಕೈಗೆ ಇಡುವಂತೆ ಮುಟ್ಟಿಸತೊಡಗಿದಳು. ಇದನ್ನು ಧೈರ್ಯ ಎನ್ನುವುದೋ ಶಿಸ್ತು ಎನ್ನುವುದೋ? ಇನ್ನೊಬ್ಬನಿಗೆ ತನ್ನ ಮಾತು ಬೇಕಾಗಿದೆ ಎಂಬ ಅರಿವಿನಿಂದ ದನಿ ಎತ್ತರಗೊಂಡಿತು. ಅದೇ ಅರಿವಿನಿಂದ ವಾಕ್ಯ ಪೂರ್ಣಗೊಂಡಿತು.

ಹುಲಿಯ ಕಷ್ಟ ಇದಕ್ಕೆ ತದ್ವಿರುದ್ಧವಾದುದು. ಅರ್ಬುತನ ಪಾತ್ರ ವಹಿಸಿದ ಹುಡುಗನಿಗೆ ಸಭಾಕಂಪವೆಂಬುದೇ ಇರಲಿಲ್ಲ. ಎಲ್ಲರ ಮಾತೂ ಅವನಿಗೆ ಬರುತ್ತಿತ್ತು, ಎಲ್ಲರ ಮಾತನ್ನೂ ಅವನೇ ಹೇಳಿಬಿಡುತ್ತಿದ್ದ. ಇಂಥ ಮಕ್ಕಳನ್ನು ಆತ್ಮವಿಶ್ವಾಸದ ಮಾದರಿಗಳೆಂದು ನಾವು ಮೆಚ್ಚುತ್ತೇವೆ. ತಾಲೀಮು ಬೇರೆ ತೀರ್ಪು ಕೊಡುತ್ತದೆ. ಹಸು ದೊಡ್ಡಿಗೆ ಹೋಗಿ, ಕರುವಿನೊಡನೆ ಮಾತಾಡಿ, ಒಡಹುಟ್ಟಿದ ಹಸುಗಳಿಗೆ ಅದನ್ನು ಒಪ್ಪಿಸಿ ಹಿಂದಿರುಗುವವರೆಗೆ ಹುಲಿ ರಂಗದ ಒಂದು ಮೂಲೆಯಲ್ಲಿ ಗವಿಯೊಳಗೆ ಕಾಯುತ್ತ ಕೂಡಬೇಕು. ಮೊದಲ ವಾರ ಆ ಹುಲಿ ಆಕಳಿಸಿತು, ಬೆನ್ನು ತುರಿಸಿಕೊಂಡಿತು, ಕರುವಿನ ಮಾತನ್ನು ಪಿಸುಗುಟ್ಟಿತು. 'ಹುಲಿ ಬೇಟೆಗೆ ಕಾಯೋವಾಗ ಹ್ಯಾಂಗ ಕೂಡತದ?' ಎಂಬ ಒಂದೇ ಪ್ರಶ್ನೆಯಿಂದ ಕೆಲಸವಾಯಿತು. ಸಮೀಪದಲ್ಲೇ ಪ್ರಾಣಿಸಂಗ್ರಹಾಲಯವಿದೆ, ಹುಲಿ ಕೂಡುವ ರೀತಿಯನ್ನು ನೋಡಿ ಬಂದಿದ್ದ ಹುಡುಗ ಆಮೇಲೆ ಕಣ್ಣು ಮಾತ್ರ ಹೊರಳಿಸುತ್ತ ಪೂರ್ತಿ ದೃಶ್ಯ ಕುಳಿತ. ಮನುಯಿಲೆಂಕೊಳ ಕಾವಲುಗಾರನನ್ನು ಪುಸ್ತಕದಲ್ಲಿ ಓದಿದ್ದವನಿಗೆ ಅವನನ್ನು ಕಾತ್ರಜದಲ್ಲಿ ಕಂಡಂತಾಯಿತು. ಕೊನೆಯಲ್ಲಿ ಪಶ್ಚಾತ್ತಾಪದಿಂದ ಹಾರಿ ಸಾಯುವ ಅವಕಾಶ ತನಗೊಬ್ಬನಿಗೇ ಇದೆಯೆಂಬ ಹೆಮ್ಮೆಯೂ ಅವನ ತಾಳ್ಮೆಗೆ ಒಂದಿಷ್ಟು ಕಾರಣವಾಗಿದ್ದೀತು.

ಅಳುಕುವ ಮಗುವಿಗೆ ಮಾತಾಡುವ ಧೈರ್ಯವನ್ನೂ ಅಬ್ಬರದ ಮಗುವಿಗೆ ಸುಮ್ಮನಿರುವ ಧೈರ್ಯವನ್ನೂ ಒಂದೇ ತಾಲೀಮು ಕೊಡುವುದು ಹೀಗೆ. ತನ್ನ ಸರದಿ ಖಂಡಿತವಾಗಿ ಬರುತ್ತದೆಂದು ಗೊತ್ತಿರುವ ಮಗು ಕಾಯಬಲ್ಲದು. ತಾನು ಮರೆತರೆ ಜೊತೆಯವರು ಎತ್ತಿಕೊಳ್ಳುತ್ತಾರೆಂದು ಗೊತ್ತಿರುವ ಮಗು ಮುಂದೆ ಹೆಜ್ಜೆ ಇಡಬಲ್ಲದು. ಮರೆವಿನ ವಿಷಯದಲ್ಲಿ ಒಂದು ಮಾತು. ಒಳ್ಳೆಯ ತಾಲೀಮಿನಲ್ಲಿ ಮರೆವನ್ನೂ ಅಭ್ಯಾಸ ಮಾಡಿಸುತ್ತಾರೆ. ಬೇಕೆಂದೇ ಒಬ್ಬರು ಮಾತು ಬಿಟ್ಟಾಗ ಉಳಿದವರು ಕಥೆಯನ್ನು ಹೇಗೆ ಮುಂದೆ ಸಾಗಿಸಬೇಕು ಎಂದು ಆಡಿಸಿ ನೋಡುತ್ತಾರೆ. ತಪ್ಪು ಎಂಬುದು ಅಲ್ಲಿ ಅವಮಾನವಾಗಿ ಉಳಿಯದೆ ಎಲ್ಲರೂ ಸೇರಿ ಬಿಡಿಸುವ ಲೆಕ್ಕವಾಗುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದವನಿಗೆ ಹೇಳಿಕೊಡುವುದು ಅಪರಾಧ, ರಂಗದ ಮೇಲೆ ಅದು ಧರ್ಮ. ಮಕ್ಕಳು ಈ ವ್ಯತ್ಯಾಸವನ್ನು ನಮಗಿಂತ ಬೇಗ ಗ್ರಹಿಸುತ್ತಾರೆ.

ಈ ಎಲ್ಲ ಪ್ರಯೋಜನಗಳಿಗೂ ಕೊಡಲಿಯಿಡುವ ಒಂದು ಪದ್ಧತಿ ಹೊರನಾಡಿನಲ್ಲಿಯೂ ಒಳನಾಡಿನಲ್ಲಿಯೂ ಹಬ್ಬಿದೆ. ನಾಟಕದ ಸಂಭಾಷಣೆಯನ್ನು ಕನ್ನಡ ಚೆನ್ನಾಗಿ ಬಲ್ಲ ದೊಡ್ಡವರಿಂದ ಮೊದಲೇ ಧ್ವನಿಮುದ್ರಿಸಿ, ಧ್ವನಿವರ್ಧಕದಲ್ಲಿ ಹಾಕಿ, ಮಕ್ಕಳಿಂದ ತುಟಿ ಅಲುಗಿಸಿ ಕೈಕಾಲು ಆಡಿಸುವುದು. ಸಭಾಂಗಣದ ಬಾಡಿಗೆ ಗಂಟೆಯ ಲೆಕ್ಕದ್ದು, ಮೈಕುಗಳು ಮೂರೇ ಇವೆ, ಮಕ್ಕಳ ಉಚ್ಚಾರ ಸರಿಯಿಲ್ಲ, ತಾಯಿತಂದೆಯರಿಗೆ ವೀಡಿಯೋ ಚೆನ್ನಾಗಿ ಬರಬೇಕು, ಇವು ಅದಕ್ಕೆ ಕೊಡುವ ಕಾರಣಗಳು. ಕಾರಣಗಳು ಸುಳ್ಳಲ್ಲ. ಆದರೆ ಹೀಗೆ ಮಾಡಿದಾಗ ಮಗು ಮರೆಯುವಂತಿಲ್ಲ, ಆದ್ದರಿಂದ ನೆನಪಿಡಬೇಕಾಗಿಲ್ಲ. ಯಂತ್ರ ಯಾರಿಗೂ ಕಾಯುವುದಿಲ್ಲ, ಆದ್ದರಿಂದ ಯಾರೂ ಯಾರನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ. ಪುಣ್ಯಕೋಟಿಯ ಕೊನೆಯ ಪದ ಹುಲಿಗೆ ಯಾವಾಗಲೂ ಕೇಳಿಸುತ್ತದೆ, ಹುಡುಗಿ ಉಸಿರು ತುಂಬಿಕೊಂಡರೂ ತುಂಬಿಕೊಳ್ಳದಿದ್ದರೂ. ಚಪ್ಪಾಳೆ ಮಾತ್ರ ಅಷ್ಟೇ ಬೀಳುತ್ತದೆ. ಕನ್ನಡದ ಹಬ್ಬದ ದಿನ ಕನ್ನಡದ ಮಗುವಿನ ಬಾಯಿಂದ ಒಂದು ಕನ್ನಡ ಪದವೂ ಹೊರಡದೆ ಕನ್ನಡ ನಾಟಕ ಮುಗಿಯುವುದು ವಿಚಿತ್ರವಾದರೂ ನಡೆಯುತ್ತಿರುವ ಸಂಗತಿ. ಉಚ್ಚಾರ ಸರಿಯಿಲ್ಲವೆಂಬ ಕಾರಣವಂತೂ ಈಜು ಬರುವವರೆಗೆ ನೀರಿಗಿಳಿಸುವುದಿಲ್ಲ ಎಂದಂತೆ.

ಬಹುಮಾನದ ಸ್ಪರ್ಧೆಗಳೂ ದೂರದರ್ಶನದ ವಾಹಿನಿಗಳ ಬಾಲಪ್ರತಿಭಾ ಪ್ರದರ್ಶನಗಳೂ ಮಾಡುವ ಹಾನಿಯ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ತೀರ್ಪುಗಾರರೆದುರು ಒಂಟಿಯಾಗಿ ನಿಂತು ಅಂಕ ಪಡೆಯುವ ಮಗು ನಟನಾಗುವುದಕ್ಕಿಂತ ಅಭ್ಯರ್ಥಿಯಾಗುತ್ತದೆ ಎಂದಷ್ಟು ಹೇಳಿ ಮುಂದೆ ಹೋಗಬಹುದು.

ಭಾಷೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಕನ್ನಡ ಲಿಪಿ ಬಾರದ ಮಕ್ಕಳಿಗೆ ಸಂಭಾಷಣೆಯನ್ನು ರೋಮನ್ ಲಿಪಿಯಲ್ಲೋ ದೇವನಾಗರಿಯಲ್ಲೋ ಬರೆದುಕೊಡುವುದು ರೂಢಿ. ರೋಮನ್ ಲಿಪಿಯಲ್ಲಿ ಳಕಾರ ಲಕಾರವಾಗುತ್ತದೆ, ಹ್ರಸ್ವ ದೀರ್ಘಗಳು ಕಲಸಿಹೋಗುತ್ತವೆ; 'ಬಳೆ' 'ಬಾಳೆ'ಗಳ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ. ಪುಣೆಯ ಮಕ್ಕಳ ಮಟ್ಟಿಗೆ ದೇವನಾಗರಿ ಎಷ್ಟೋ ಮೇಲು, ಮರಾಠಿಯಲ್ಲಿ ಳಕಾರವೂ ಇದೆ. ಹ್ರಸ್ವ ಎಕಾರ ಒಕಾರಗಳಿಗೆ ಮಾತ್ರ ಅಲ್ಲಿ ರೂಢಿಯ ಗುರುತಿಲ್ಲ. ಇನ್ನೂ ಒಂದು ಅನುಕೂಲವುಂಟು. ಮರಾಠಿಯ ವಾಕ್ಯವೂ ಕ್ರಿಯಾಪದದಲ್ಲಿ ಮುಗಿಯುವುದರಿಂದ ಬೀದಿಯಲ್ಲಿ ಚೆನ್ನಾಗಿ ಮರಾಠಿ ಆಡುವ ಮಕ್ಕಳಿಗೆ ಕನ್ನಡ ವಾಕ್ಯದ ಉಸಿರು ಬೇಗ ಹಿಡಿತಕ್ಕೆ ಬರುತ್ತದೆ. ಇಂಗ್ಲಿಷಿನಲ್ಲೇ ಆಡುವ ಮಕ್ಕಳಿಗೆ ತಡವಾಗುತ್ತದೆ. ಮರಾಠಿಯಿಂದ ಮಕ್ಕಳ ಕನ್ನಡ ಕೆಡುತ್ತದೆಂದು ಚಿಂತಿಸುವ ತಾಯಿತಂದೆಯರು ಇದನ್ನು ಗಮನಿಸಬೇಕು. ಆದರೂ ಲಿಪಿಯ ಸಮಸ್ಯೆಗೆ ಅತ್ಯುತ್ತಮ ಪರಿಹಾರ ಲಿಪಿಯನ್ನೇ ಕೆಲವು ವಾರ ದೂರವಿಡುವುದು. ಯಕ್ಷಗಾನದ ಬಾಲಗೋಪಾಲನ ಕೈಯಲ್ಲಿ ಹಾಳೆ ಇರಲಿಲ್ಲ. ಕಥೆಯನ್ನು ಹೇಳಿ, ಮಕ್ಕಳಿಂದಲೇ ಅವರವರ ಕನ್ನಡದಲ್ಲಿ ಮಾತು ಹುಟ್ಟಿಸಿ, ಆಮೇಲೆ ಅದನ್ನು ತಿದ್ದಿ, ಕಟ್ಟಕಡೆಗೆ ಬರೆದು ತೋರಿಸಿದರೆ ಮಗು ತಾನಾಡಿದ ಮಾತಿನ ರೂಪವನ್ನು ಕುತೂಹಲದಿಂದ ನೋಡುತ್ತದೆ. ಅಕ್ಷರಾಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು.

ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಾಗಿದೆ. ನಮ್ಮಲ್ಲಿ ಮಕ್ಕಳ ನಾಟಕಗಳ ಕೊರತೆಯಿಲ್ಲ; ಆದರೆ ಅವು ಕನ್ನಡ ಪರಿಸರದಲ್ಲಿ ಬೆಳೆದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದವು. ಕಾತ್ರಜದಂಥ ಬಡಾವಣೆಗಳ ಏಳೆಂಟು ವರ್ಷದ ಮಗುವಿಗೆ ಬೇಕಾದ ಪಠ್ಯವೇ ಬೇರೆ: ಆರಂಭದಲ್ಲಿ ಒಂದು ಉಸಿರಿಗೆ ಮೂರು ನಾಲ್ಕು ಪದ, ಮಧ್ಯದಲ್ಲಿ ಕೃದಂತಗಳಿಂದ ಬೆಳೆಯುವ ವಾಕ್ಯ, ಕೊನೆಗೆ ಒಂದು ಪೂರ್ಣ ನಿವೇದನೆ, ಮಾತಿಲ್ಲದ ಕೋಡಂಗಿಗಳಿಗೂ ಅದರಲ್ಲಿ ಜಾಗವಿರಬೇಕು, ವಿಜಯಪುರದ ಮಗುವಿನ ಬಾಯಲ್ಲಿ ವಿಜಯಪುರದ ಕನ್ನಡವೂ ಕುಂದಾಪುರದ ಮಗುವಿನ ಬಾಯಲ್ಲಿ ಕುಂದಾಪುರದ ಕನ್ನಡವೂ ಬದಲಾಗಬಲ್ಲಷ್ಟು ಸಡಿಲ ಇರಬೇಕು. ಭಾಷಾವಿಜ್ಞಾನ ಮತ್ತು ರಂಗಭೂಮಿ ಎರಡನ್ನೂ ಓದಿದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ತನ್ನ ಕಿರುಪ್ರಬಂಧಕ್ಕಾಗಿ ಇಂಥ ಒಂದು ನಾಟಕವನ್ನು ರಚಿಸಿ, ಹತ್ತು ವಾರ ಮಕ್ಕಳೊಡನೆ ತಾಲೀಮು ನಡೆಸಿ, ಮೊದಲ ವಾರದ ಮತ್ತು ಹತ್ತನೆಯ ವಾರದ ವಾಕ್ಯಗಳ ಕೊನೆಯ ಪದಗಳನ್ನು ಮಾತ್ರ ದಾಖಲಿಸಿ ಹೋಲಿಸಿದರೂ ಸಾಕು.